ತಪ್ಪು ಎಲ್ಲಿದೆ ಅಂತ ಸರಿಯಾಗಿ ಹೇಳೋದು: ಎರರ್ ಮೆಸೇಜಿನ ಕಥೆ

ಭಾಗ 1/8: ಹನ್ನೆರಡು ಸಾಲು, ಹದಿನೇಳು ತಪ್ಪು

ಫೋಟೋದಲ್ಲಿ ಇರೋದು ನನ್ನ ಸೆಕೆಂಡ್ ಪಿಯುಸಿ ಲ್ಯಾಬ್ ರೆಕಾರ್ಡ್. ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತಗೊಂಡಿದ್ದವರಿಗೆ ನೆನಪಿರುತ್ತೆ, ನಮಗೆ ಸಿ++ ಇತ್ತು. ಪುಸ್ತಕದಲ್ಲಿದ್ದ ಪ್ರೋಗ್ರಾಂ ಟೈಪ್ ಮಾಡೋದು, ಕಂಪೈಲ್ ಒತ್ತೋದು, ದೇವರನ್ನ ನೆನೆಯೋದು. ಅಷ್ಟೇ ಲ್ಯಾಬ್.

ನನ್ನ ಪಕ್ಕ ಕೂರ್ತಿದ್ದವಳು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಅಕೌಂಟೆನ್ಸಿಯಲ್ಲಿ ನಮಗೆಲ್ಲ ಹೇಳಿಕೊಡ್ತಿದ್ದವಳೇ ಅವಳು. ಒಂದಿನ ಬಡ್ಡಿ ಲೆಕ್ಕ ಹಾಕೋ ಪ್ರೋಗ್ರಾಂ ಬರೆದಳು, ಹನ್ನೆರಡು ಸಾಲು. ಕಂಪೈಲ್ ಒತ್ತಿದ ಕೂಡಲೇ ಪರದೆ ತುಂಬ ಎರರ್. ಎಣಿಸಿದ್ವಿ, ಹದಿನೇಳು.

"ಹನ್ನೆರಡು ಸಾಲಲ್ಲಿ ಹದಿನೇಳು ತಪ್ಪು ಹೆಂಗೆ ಕಣೇ ಆಗುತ್ತೆ?" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಅವತ್ತಿನಿಂದ ವರ್ಷ ಮುಗಿಯೋವರೆಗೂ ನನ್ನ ಪ್ರೋಗ್ರಾಂ ನೋಡಿಕೊಂಡೇ ರೆಕಾರ್ಡ್ ಬರೆದಳು. ಡಿಗ್ರಿಗೆ ಬಂದಾಗ ಕಂಪ್ಯೂಟರ್ ಇರೋ ಪೇಪರ್ ಒಂದನ್ನೂ ಆರಿಸಲಿಲ್ಲ.

ನಿಜವಾಗಿ ಅವಳು ಬಿಟ್ಟಿದ್ದು ಒಂದೇ ಒಂದು ಬ್ರಾಕೆಟ್. ಅದೊಂದು ಇಲ್ಲದೆ ಇದ್ದಿದ್ದಕ್ಕೆ ಕಂಪೈಲರ್ ಗಲಿಬಿಲಿಯಾಗಿ, ಮುಂದಿದ್ದ ಸರಿ ಸಾಲುಗಳನ್ನೂ ತಪ್ಪು ಅಂತ ಓದಿಕೊಂಡು ಹೋಗಿತ್ತು. ತಪ್ಪು ಒಂದು, ದೂರು ಹದಿನೇಳು.

ಈ ಸರಣಿ ಆ ದೂರಿನ ಬಗ್ಗೆ. ಕಂಪೈಲರ್ ಹೇಳೋ ಮಾತನ್ನ ಬರೆದವರು ಯಾರು? ಅದು ಯಾಕೆ ಹಾಗಿತ್ತು? ಅದನ್ನ ಮನುಷ್ಯರಿಗೆ ಅರ್ಥವಾಗೋ ಹಾಗೆ ಮಾಡೋಕೆ ಯಾರ್ಯಾರು ಒದ್ದಾಡಿದರು? ಕೋಡಿಂಗ್ ಗೊತ್ತಿಲ್ಲದಿದ್ರೂ ಓದಿ. ಡೆಬಿಟ್ ಕ್ರೆಡಿಟ್ ಗೊತ್ತಿದ್ರೆ ಸಾಕು.

ಭಾಗ 2/8: ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಲಿಲ್ಲ ಅಂದ್ರೆ

ಮೊದಲು ಎರಡು ಪದ. ನಾವು ಬರೆದ ಪ್ರೋಗ್ರಾಂನ ಯಂತ್ರದ ಭಾಷೆಗೆ ತಿರುಗಿಸೋ ಸಾಫ್ಟ್‌ವೇರೇ ಕಂಪೈಲರ್. ತಿರುಗಿಸುವಾಗ ಅದಕ್ಕೆ ಅರ್ಥವಾಗದೇ ಇದ್ದದ್ದು ಸಿಕ್ಕರೆ ಅಲ್ಲೇ ನಿಲ್ಲಿಸಿ ಹೇಳುತ್ತೆ, ಅದು ಕಂಪೈಲ್ ಹೊತ್ತಿನ ಎರರ್. ಪ್ರೋಗ್ರಾಂ ಇನ್ನೂ ಓಡೇ ಇಲ್ಲ, ಏನೂ ಕೆಟ್ಟಿಲ್ಲ. ಇನ್ನೊಂದು ಸ್ಟ್ಯಾಂಡರ್ಡ್ ಲೈಬ್ರರಿ. ಭಾಷೆಯ ಜೊತೆಗೇ ಬರೋ ಸಿದ್ಧ ಸಾಮಾನು ಅದು. ಪಟ್ಟಿ ಜೋಡಿಸೋದು, ಹುಡುಕೋದು, ಅಕ್ಷರ ಸೇರಿಸೋದು, ಇವನ್ನೆಲ್ಲ ಬೇರೆ ಯಾರೋ ಮೊದಲೇ ಬರೆದಿಟ್ಟಿರ್ತಾರೆ. ನಾವು ಹೆಸರು ಹೇಳಿ ಬಳಸ್ತೀವಿ.

ಈಗ ನಮ್ಮ ಲೋಕಕ್ಕೆ ಬನ್ನಿ. ಟ್ರಯಲ್ ಬ್ಯಾಲೆನ್ಸಲ್ಲಿ 90 ರೂಪಾಯಿ ವ್ಯತ್ಯಾಸ ಬಂತು ಅಂದುಕೊಳ್ಳಿ. ಟ್ರಯಲ್ ಬ್ಯಾಲೆನ್ಸ್ ಹೇಳೋದು ಇಷ್ಟೇ: ಎರಡು ಕಡೆ ಸಮ ಇಲ್ಲ. ಎಲ್ಲಿ ತಪ್ಪಿದ್ದೀರಿ ಅಂತ ಅದು ಹೇಳಲ್ಲ. ತಪ್ಪಾಗಿದ್ದು ಯಾವುದೋ ಲೆಡ್ಜರ್ ಪುಟದಲ್ಲಿ 450 ಬರೆಯೋ ಜಾಗದಲ್ಲಿ 540 ಬರೆದಾಗ. ಗೊತ್ತಾಗಿದ್ದು ತಿಂಗಳ ಕೊನೆಯಲ್ಲಿ, ಬೇರೆ ಹಾಳೆಯಲ್ಲಿ. ನಮ್ಮ ಮೇಷ್ಟ್ರು ಹೇಳಿಕೊಟ್ಟ ಉಪಾಯ ನೆನಪಿದೆಯಾ? ವ್ಯತ್ಯಾಸ 9ರಿಂದ ಭಾಗವಾದ್ರೆ ಅಂಕಿ ಅದಲು ಬದಲಾಗಿರಬಹುದು, ಮೊದಲು ಅದನ್ನ ಹುಡುಕಿ ಅಂತ. ಆ ಒಂದು ಮಾತು ಒಂದು ರಾತ್ರಿಯ ಕೆಲಸ ಉಳಿಸುತ್ತೆ.

ಕಂಪೈಲರ್ ಕಥೆಯೂ ಇದೇ. ತಪ್ಪು ನಡೆಯೋ ಜಾಗ ಒಂದು, ತಪ್ಪು ಕಣ್ಣಿಗೆ ಬೀಳೋ ಜಾಗ ಇನ್ನೊಂದು. ಸಾಲಿನ ಕೊನೆಯ ಸೆಮಿಕೋಲನ್ ಬಿಟ್ಟರೆ ಎಷ್ಟೋ ಕಂಪೈಲರ್‌ಗಳು ಮುಂದಿನ ಸಾಲನ್ನ ತೋರಿಸ್ತಿದ್ದವು. ಯಾಕಂದ್ರೆ ಸಾಲು ಮುರಿದಿದ್ದು ಅವಕ್ಕೆ ಲೆಕ್ಕಕ್ಕಿಲ್ಲ, ಮುಂದಿನ ಪದ ಎದುರಾದ ಮೇಲೇ 'ಅರೆ, ಇದು ಇಲ್ಲಿ ಬರಬಾರದಿತ್ತಲ್ಲ' ಅಂತ ಹೊಳೆಯೋದು.

ಯಂತ್ರಕ್ಕೆ ಹೊಳೆದ ಜಾಗದಿಂದ ಮನುಷ್ಯ ತಪ್ಪಿದ ಜಾಗಕ್ಕೆ ಮಾತನ್ನ ವಾಪಸ್ ತರೋದು. ಎರರ್ ಮೆಸೇಜಿನ ಇತಿಹಾಸ ಅಂದ್ರೆ ಇದೇ.

ಭಾಗ 3/8: ಕಾರ್ಡ್ ಕಟ್ಟು ಮತ್ತು ನಾಲ್ಕು ಜನ ಸ್ಟೂಡೆಂಟ್ಸ್

1957. ಐಬಿಎಂ 704 ಅನ್ನೋ ಕಂಪ್ಯೂಟರ್‌ಗೆ ಫೋರ್ಟ್ರಾನ್ ಬಂತು. ಜಾನ್ ಬ್ಯಾಕಸ್ ಅವರ ತಂಡ ಮಾಡಿದ್ದು. ಆಗ ಪರದೆ, ಕೀಬೋರ್ಡ್ ಮುಂದೆ ಕೂತು ಸರಿ ಮಾಡೋದೆಲ್ಲ ಇಲ್ಲ. ಒಂದು ಸಾಲಿಗೆ ಒಂದು ರಟ್ಟಿನ ಕಾರ್ಡು, ಅದರಲ್ಲಿ ತೂತು. ಕಾರ್ಡಿನ ಕಟ್ಟನ್ನ ಕೌಂಟರ್‌ನಲ್ಲಿ ಕೊಟ್ಟು ಬರಬೇಕು. ನಿಮ್ಮ ಸರದಿ ಬಂದಾಗ ಓಡಿಸಿ, ಫಲಿತಾಂಶ ಕಾಗದದಲ್ಲಿ ಅಚ್ಚಾಗಿ ಬರುತ್ತೆ. ಒಂದು ಅಲ್ಪವಿರಾಮ ಬಿಟ್ಟಿದ್ರೆ? ಕಾರ್ಡ್ ಬದಲಿಸಿ, ಮತ್ತೆ ಕ್ಯೂ. ನಮ್ಮೂರಲ್ಲಿ ಒಂದು ಸಹಿ ಬಿಟ್ಟಿದ್ದಕ್ಕೆ ಅರ್ಜಿ ವಾಪಸ್ ಬಂದು ಮತ್ತೊಂದು ದಿನ ಹೋಗ್ತೀವಲ್ಲ, ಹಾಗೆ.

ಒಂದು ಎರರ್ ಮೆಸೇಜ್ ಅರ್ಥವಾಗಲಿಲ್ಲ ಅಂದ್ರೆ ಅದರ ಬೆಲೆ ಒಂದು ದಿನ.

ಈ ಬೆಲೆ ಹೆಚ್ಚು ತೆತ್ತವರು ಸ್ಟೂಡೆಂಟ್ಸ್. 1965ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ನಡೆದದ್ದು ನನಗೆ ತುಂಬ ಇಷ್ಟ. ಆ ಬೇಸಿಗೆಯಲ್ಲಿ ನಾಲ್ಕು ಜನ ಡಿಗ್ರಿ ವಿದ್ಯಾರ್ಥಿಗಳು ಕೂತು ಐಬಿಎಂ 7040 ಯಂತ್ರಕ್ಕೆ ಒಂದು ಹೊಸ ಫೋರ್ಟ್ರಾನ್ ಕಂಪೈಲರ್ ಬರೆದರು. ಹೆಸರು ವಾಟ್‌ಫಾರ್. ಆಗಿನ ಮಾಮೂಲಿ ಕಂಪೈಲರ್‌ಗಳು ದೊಡ್ಡ ಪ್ರೋಗ್ರಾಂ ವೇಗವಾಗಿ ಓಡಲಿ ಅಂತ ಮಾಡಿದ್ದವು. ಸ್ಟೂಡೆಂಟ್ ಪ್ರೋಗ್ರಾಂ ಚಿಕ್ಕದು, ಒಂದು ಸಲ ಓಡಿದ್ರೆ ಮುಗೀತು, ಆದ್ರೆ ಹತ್ತು ಸಲ ತಪ್ಪಾಗುತ್ತೆ. ಹಾಗಾಗಿ ವಾಟ್‌ಫಾರ್ ಎರಡು ವಿಷಯಕ್ಕೆ ಹೆಸರಾಯ್ತು: ಬೇಗ ಕಂಪೈಲ್ ಮಾಡೋದು, ತಪ್ಪನ್ನ ಚೆನ್ನಾಗಿ ತಿಳಿಸೋದು.

ಗಮನಿಸಿ. ಒಳ್ಳೇ ಎರರ್ ಮೆಸೇಜ್ ಬೇಕು ಅಂತ ಕೂತು ಮಾಡಿದವರು ನಮ್ಮ ವಯಸ್ಸಿನವರು. ಕ್ಯೂನಲ್ಲಿ ನಿಂತವರಿಗೇ ಗೊತ್ತು ಕ್ಯೂನ ಕಷ್ಟ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1970ರ ದಶಕದ ಅವರ ಪಿಎಲ್/ಸಿ ಕಂಪೈಲರ್ ತಪ್ಪು ಕಂಡರೆ ತಾನೇ ಊಹಿಸಿ ತಿದ್ದಿ, ತಿದ್ದಿದ್ದನ್ನ ತೋರಿಸಿ, ಮುಂದೆ ಓಡಿಸ್ತಿತ್ತು. ಊಹೆ ತಪ್ಪಾಗಬಹುದು. ಆದ್ರೆ ಒಂದೇ ಸರದಿಯಲ್ಲಿ ಆದಷ್ಟು ತಪ್ಪು ಗೊತ್ತಾಗಲಿ ಅನ್ನೋದು ಲೆಕ್ಕ.

ಭಾಗ 4/8: 'ಇಲ್ಲೀಗಲ್' ಅನ್ನೋ ಬೈಗುಳ

ಕಾಮರ್ಸ್ ಓದೋರಿಗೆ ಹತ್ತಿರದ ಭಾಷೆ ಅಂದ್ರೆ ಕೋಬಾಲ್. 1959ರಲ್ಲಿ ಅದರ ಕೆಲಸ ಶುರುವಾಯ್ತು. ಬ್ಯಾಂಕು, ಇನ್ಶೂರೆನ್ಸು, ಸಂಬಳದ ಪಟ್ಟಿ, ಇಂಥ ಲೆಕ್ಕಕ್ಕೆ ಅಂತಲೇ ಮಾಡಿದ್ದು. ವ್ಯವಹಾರದವರು ಗಣಿತದ ಚಿಹ್ನೆ ಬಿಟ್ಟು ಇಂಗ್ಲಿಷ್ ಪದಗಳಲ್ಲೇ ಪ್ರೋಗ್ರಾಂ ಬರೆಯೋ ಹಾಗಾಗಬೇಕು ಅಂತ ಹಟ ಹಿಡಿದಿದ್ದವರು ಗ್ರೇಸ್ ಹಾಪರ್. ಅವರ ಫ್ಲೋ-ಮ್ಯಾಟಿಕ್ ಭಾಷೆಯ ನೆರಳು ಕೋಬಾಲ್ ಮೇಲೆ ಗಾಢವಾಗಿದೆ.

ನಾವು ಕಂಪ್ಯೂಟರ್‌ಗೆ ಹೇಳೋ ಮಾತು ಮನುಷ್ಯರ ಭಾಷೆ ಥರ ಆಯ್ತು. ಕಂಪ್ಯೂಟರ್ ನಮಗೆ ವಾಪಸ್ ಹೇಳೋ ಮಾತು? ಅದು ಪೊಲೀಸ್ ಸ್ಟೇಷನ್ ಥರವೇ ಉಳೀತು. ಇಲ್ಲೀಗಲ್. ಇನ್‌ವ್ಯಾಲಿಡ್. ಫೇಟಲ್. ಬಿಸಿನೆಸ್ ಲಾ ಪೇಪರ್ ಓದಿದೋರಿಗೆ ಇಲ್ಲೀಗಲ್ ಅಂದ್ರೆ ಏನು ಅಂತ ಗೊತ್ತು. ಕಾನೂನುಬಾಹಿರ. ಒಂದು ಅಲ್ಪವಿರಾಮ ಬಿಟ್ಟಿದ್ದಕ್ಕೆ!

ಮೆರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ 1982ರಲ್ಲಿ ಈ ಬಗ್ಗೆ ಬರೆದರು. ಅವರು ಬರೀ ಅಭಿಪ್ರಾಯ ಹೇಳಲಿಲ್ಲ. ಕೋಬಾಲ್ ಕಂಪೈಲರಿನ ಮೆಸೇಜ್‌ಗಳ ಮಾತನ್ನ ಬದಲಿಸಿ, ಜನ ತಪ್ಪು ತಿದ್ದೋದರಲ್ಲಿ ವ್ಯತ್ಯಾಸ ಬರುತ್ತಾ ಅಂತ ಪರೀಕ್ಷೆ ಮಾಡಿ ನೋಡಿದರು. ಬಂತು. ನಿರ್ದಿಷ್ಟವಾಗಿ ಹೇಳಿದಾಗ ಜನ ಹೆಚ್ಚು ತಪ್ಪು ಸರಿಮಾಡಿದರು.

ಅವರ ಸಲಹೆಗಳ ಸಾರ ನನ್ನ ಮಾತಲ್ಲಿ: ಬೈಬೇಡಿ. ಏನಾಗಿದೆ ಅಂತ ನಿರ್ದಿಷ್ಟವಾಗಿ ಹೇಳಿ. ಮುಂದೆ ಏನು ಮಾಡಬಹುದು ಅಂತ ಹೇಳಿ. ಓದೋರ ಭಾಷೆಯಲ್ಲಿ ಹೇಳಿ, ಯಂತ್ರದ ಒಳಗಿನ ಭಾಷೆಯಲ್ಲಿ ಬೇಡ.

ನಾಲ್ಕೇ ಮಾತು. ಕೇಳೋಕೆ ಸುಲಭ. ಆದ್ರೆ ಇದನ್ನ ಪಾಲಿಸೋದು ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಸಿ++ ಸ್ಟ್ಯಾಂಡರ್ಡ್ ಲೈಬ್ರರಿ ಬಂದಾಗ.

ಭಾಗ 5/8: ನಾನು ಕಳೆಯೋ ಲೆಕ್ಕವೇ ಬರೆದಿಲ್ವಲ್ಲ?

ಸಿ++ ಮಾಡಿದವರು ಬ್ಯಾರ್ನೆ ಸ್ಟ್ರೌಸ್ಟ್ರುಪ್. ಅದರಲ್ಲಿ 'ಟೆಂಪ್ಲೇಟ್' ಅಂತ ಒಂದು ಸೌಲಭ್ಯ ಇದೆ. ಖಾಲಿ ಫಾರಂ ಅಂದುಕೊಳ್ಳಿ. 'ಯಾವುದಾದರೂ ಒಂದು ಪಟ್ಟಿ ಕೊಡಿ, ಜೋಡಿಸಿ ಕೊಡ್ತೀನಿ' ಅಂತ ಒಮ್ಮೆ ಬರೆದಿಟ್ಟರೆ, ನೀವು ಕೊಟ್ಟ ಪಟ್ಟಿಗೆ ತಕ್ಕಂತೆ ಕಂಪೈಲರ್ ಆ ಫಾರಂ ತುಂಬಿಕೊಳ್ಳುತ್ತೆ. ಈ ವಿಚಾರದ ಮೇಲೆ ಅಲೆಕ್ಸಾಂಡರ್ ಸ್ಟೆಪನೋವ್ ಒಂದು ಲೈಬ್ರರಿ ಕಟ್ಟಿದರು. ಅದನ್ನ ಭಾಷೆಯ ಜೊತೆ ಸೇರಿಸೋಕೆ 1994ರಲ್ಲಿ ಸಮಿತಿ ಒಪ್ಪಿತು, 1998ರ ಸ್ಟ್ಯಾಂಡರ್ಡಿನಲ್ಲಿ ಅದು ಬಂತು. ನಿಜಕ್ಕೂ ಜಾಣ ಕೆಲಸ.

ಆದ್ರೆ ಫಾರಂ ಮೇಲೆ 'ಯಾವ ಥರದ ಪಟ್ಟಿ ನಡೆಯುತ್ತೆ' ಅಂತ ಬರೆಯೋಕೆ ಭಾಷೆಯಲ್ಲಿ ಜಾಗವೇ ಇರಲಿಲ್ಲ.

ಉದಾಹರಣೆ ಕೊಡ್ತೀನಿ. ಲೈಬ್ರರಿಯಲ್ಲಿ ಲಿಸ್ಟ್ ಅಂತ ಒಂದು ಇದೆ. ಅದು ರೈಲಿನ ಬೋಗಿಗಳ ಥರ, ಒಂದಕ್ಕೊಂದು ಕೊಂಡಿ. ಐದನೇ ಬೋಗಿಗೆ ಹೋಗಬೇಕಾದ್ರೆ ಮೊದಲಿನ ನಾಲ್ಕು ದಾಟಲೇಬೇಕು. ಸಾರ್ಟ್ ಅನ್ನೋ ಫಂಕ್ಷನ್‌ಗೆ ಹಾಗಾಗಲ್ಲ, ಬೇಕಾದ ನಂಬರಿಗೆ ನೇರ ಹಾರೋ ಹಾಗಿರಬೇಕು. ಇದು ಗೊತ್ತಿಲ್ಲದ ನೀವು ಲಿಸ್ಟನ್ನ ಸಾರ್ಟ್‌ಗೆ ಕೊಟ್ಟಿರಿ. ಒಂದೇ ಸಾಲು.

ಕಂಪೈಲರ್ ಏನು ಹೇಳುತ್ತೆ? 'ಈ ಪಟ್ಟಿ ಸಾರ್ಟ್‌ಗೆ ಆಗಲ್ಲ' ಅನ್ನಲ್ಲ. ಅದು ಫಾರಂ ತುಂಬುತ್ತಾ ಲೈಬ್ರರಿಯ ಒಳಗೆ ಹೋಗುತ್ತೆ. ಅಲ್ಲೆಲ್ಲೋ 'ಕೊನೆಯ ಸ್ಥಾನದಿಂದ ಮೊದಲ ಸ್ಥಾನ ಕಳೆ' ಅಂತ ಒಂದು ಸಾಲಿದೆ. ಲಿಸ್ಟಲ್ಲಿ ಸ್ಥಾನಗಳನ್ನ ಕಳೆಯೋಕೆ ಬರಲ್ಲ. ಅಲ್ಲಿ ನಿಂತು ಕೂಗುತ್ತೆ: ಮೈನಸ್ ಹೊಂದಲಿಲ್ಲ! ನೀವು ತೆರೆದೂ ನೋಡದ ಫೈಲಿನ, ಬೇರೆ ಯಾರೋ ಬರೆದ ಸಾಲಿನ ನಂಬರ್ ಕೊಡುತ್ತೆ. ನಿಮ್ಮ ಪ್ರೋಗ್ರಾಂನಲ್ಲಿ ಮೈನಸ್ ಚಿಹ್ನೆಯೇ ಇಲ್ಲ.

ಮೇಲಿಂದ ಹೆಸರಿನ ಸಮಸ್ಯೆ ಬೇರೆ. ನೀವು ಬರೆದದ್ದು 'ಸ್ಟ್ರಿಂಗ್'. ಅದರ ಪೂರ್ತಿ ಹೆಸರು ಒಳಗಡೆ ಬೇಸಿಕ್ ಸ್ಟ್ರಿಂಗ್, ಅದರೊಳಗೆ ಕ್ಯಾರೆಕ್ಟರ್ ಟ್ರೈಟ್ಸ್, ಅದರ ಜೊತೆ ಅಲೊಕೇಟರ್. ಮನೆಯಲ್ಲಿ ಪುಟ್ಟಿ ಅಂತ ಕರೆಯೋ ಹುಡುಗೀನ ಪ್ರತಿ ವಾಕ್ಯದಲ್ಲೂ ಊರು, ತಾಲ್ಲೂಕು, ತಂದೆ ಹೆಸರು, ತಾತನ ಹೆಸರು ಸೇರಿಸಿ ಕರೆದ ಹಾಗೆ. ಒಂದು ತಪ್ಪಿಗೆ ಪುಟಗಟ್ಟಲೆ ಮೆಸೇಜ್ ಬರ್ತಿದ್ದದ್ದು ಹೀಗೆ.

ಟ್ರಯಲ್ ಬ್ಯಾಲೆನ್ಸೇ ನೆನಪಿಸಿಕೊಳ್ಳಿ. ತಪ್ಪಾಗಿದ್ದು ನಿಮ್ಮ ಪುಟದಲ್ಲಿ, ದೂರು ಬಂದಿದ್ದು ಬೇರೆಯವರ ಪುಸ್ತಕದಿಂದ.

ಭಾಗ 6/8: ಬಾಗಿಲಲ್ಲೇ ಒಂದು ಬೋರ್ಡು

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಲೈಬ್ರರಿ ಬರೆಯೋ ಜನರೇ ಮುಂದೆ ಇದ್ದರು. ಅವರ ಯೋಚನೆ ಸರಳ: ತಪ್ಪು ವಸ್ತು ಅಂಗಡಿಯ ಒಳಗೆ ಬಂದು ಗಾಜು ಒಡೆಯೋ ಮುಂಚೆ, ಬಾಗಿಲಲ್ಲೇ ಹಿಡಿದು ನಿಲ್ಲಿಸಿ ಮಾತಾಡಿಸೋಣ.

ಆದ್ರೆ ಮಾತಾಡಿಸೋಕೆ ಭಾಷೆಯಲ್ಲಿ ದಾರಿ ಇರಲಿಲ್ಲ. 2000ದ ಆಸುಪಾಸು ಬೂಸ್ಟ್ ಅನ್ನೋ ಲೈಬ್ರರಿ ಸಮೂಹದವರು, ಆಮೇಲೆ 2001ರ ತಮ್ಮ ಪುಸ್ತಕದಲ್ಲಿ ಆಂಡ್ರೇ ಅಲೆಕ್ಸಾಂಡ್ರೆಸ್ಕು, ಒಂದು ಉಪಾಯ ಮಾಡಿದರು. ಷರತ್ತು ಸುಳ್ಳಾದ್ರೆ ಬೇಕಂತಲೇ ಕಂಪೈಲ್ ಆಗದ ಒಂದು ತುಣುಕು ಹುಟ್ಟೋ ಹಾಗೆ ಮಾಡೋದು, ಆ ತುಣುಕಿಗೆ ಇಡೋ ಹೆಸರಲ್ಲೇ ಸಂದೇಶ ಅಡಗಿಸೋದು. ಕಂಪೈಲರ್ ಏನೇ ಬೈದುಕೊಂಡ್ರೂ ಆ ಹೆಸರನ್ನ ಅಚ್ಚು ಹಾಕಲೇಬೇಕಲ್ಲ? ಅಡ್ಡಗೆರೆಯಿಂದ ಪೋಣಿಸಿದ ಪದಗಳು. ಅದೇ ಮೆಸೇಜು. ಮಾತಾಡೋಕೆ ಬಿಡದ ಕಡೆ ಕಣ್ಸನ್ನೆ ಮಾಡಿದ ಹಾಗೆ.

2011ರ ಸ್ಟ್ಯಾಂಡರ್ಡಿನಲ್ಲಿ ಕೊನೆಗೂ ಬಾಯಿ ಸಿಕ್ಕಿತು. ಸ್ಟ್ಯಾಟಿಕ್ ಅಸರ್ಟ್ ಅಂತ ಹೆಸರು. ಒಂದು ಷರತ್ತು, ಪಕ್ಕದಲ್ಲಿ ಉದ್ಧರಣ ಚಿಹ್ನೆಯೊಳಗೆ ಒಂದು ವಾಕ್ಯ. ಷರತ್ತು ತಪ್ಪಿದ್ರೆ ಕಂಪೈಲರ್ ನಿಂತು ಆ ವಾಕ್ಯವನ್ನೇ ಹೇಳುತ್ತೆ. ಈಗ ಜಿಸಿಸಿ ಜೊತೆ ಬರೋ ಸ್ಟ್ಯಾಂಡರ್ಡ್ ಲೈಬ್ರರಿ ತೆರೆದ್ರೆ ಇಂಥ ವಾಕ್ಯಗಳು ಬೇಕಾದಷ್ಟಿವೆ. ವೆಕ್ಟರ್ ಒಳಗೆ ಇಡೋ ವಸ್ತು ಬದಲಿಸಲಾಗದಂಥದ್ದು ಆಗಿರಬಾರದು ಅಂತ ಒಂದು. ಥ್ರೆಡ್‌ಗೆ ಕೊಟ್ಟ ಫಂಕ್ಷನ್ ಅದರ ಜೊತೆ ಕೊಟ್ಟ ಮೌಲ್ಯಗಳಿಂದ ಕರೆಯೋಕೆ ಬರುವಂತಿರಬೇಕು ಅಂತ ಇನ್ನೊಂದು.

ಫಾರಂ ಮೇಲೇ ಷರತ್ತು ಬರೆಯೋ ಸೌಲಭ್ಯಕ್ಕೆ ಕಾನ್ಸೆಪ್ಟ್ಸ್ ಅಂತಾರೆ. ಅದಕ್ಕಾಗಿ ವರ್ಷಗಟ್ಟಲೆ ಕೆಲಸ ನಡೀತು. 2009ರಲ್ಲಿ ಫ್ರಾಂಕ್‌ಫರ್ಟ್ ಸಭೆಯಲ್ಲಿ ಸಮಿತಿ ಅದನ್ನ ಕೈಬಿಟ್ಟಿತು. ಹೊಸ ರೂಪದಲ್ಲಿ ಅದು ಭಾಷೆಗೆ ಬಂದಿದ್ದು ಸಿ++20ರಲ್ಲಿ. 1998ರಿಂದ ಲೆಕ್ಕ ಹಾಕಿ. ಇಪ್ಪತ್ತೆರಡು ವರ್ಷ, ನನ್ನ ವಯಸ್ಸಿಗಿಂತ ಜಾಸ್ತಿ.

ಭಾಗ 7/8: ಪಕ್ಕದಲ್ಲಿ ಕೂತು ಹೇಳಿಕೊಟ್ಟ ಹಾಗೆ

ಈ ನಡುವೆ ಬೇರೆಯವರು ಸುಮ್ಮನೆ ಕೂತಿರಲಿಲ್ಲ. 2007ರಲ್ಲಿ ಆಪಲ್ ಹೊರಬಿಟ್ಟ ಕ್ಲ್ಯಾಂಗ್ ಕಂಪೈಲರ್ ನಿಮ್ಮ ಸಾಲನ್ನೇ ತೋರಿಸಿ, ತಪ್ಪಿದ ಅಕ್ಷರದ ಕೆಳಗೆ ಬಾಣದ ಗುರುತು ಹಾಕ್ತಿತ್ತು. ಅದರ ಪೈಪೋಟಿ ನೋಡಿ ಹಳೇ ಜಿಸಿಸಿ ಕೂಡ 2013ರಲ್ಲಿ ಅದೇ ಗುರುತು ಹಾಕೋಕೆ ಶುರು ಮಾಡಿತು. 2015ರಲ್ಲಿ ಎಲ್ಮ್ ಅನ್ನೋ ಚಿಕ್ಕ ಭಾಷೆಯ ಇವಾನ್ ಚಾಪ್ಲಿಕಿ ತಮ್ಮ ಕಂಪೈಲರ್ ಮನುಷ್ಯರ ಥರ ಮಾತಾಡೋ ಹಾಗೆ ಮಾಡಿದರು. ಅದು 'ನನಗೆ ಈ ಹೆಸರು ಸಿಗ್ತಿಲ್ಲ' ಅಂತ ತನ್ನ ಬಗ್ಗೆ ಹೇಳಿಕೊಳ್ಳುತ್ತೆ. 'ನೀನು ತಪ್ಪಿದೆ' ಅನ್ನೋದಕ್ಕೂ 'ನನಗೆ ಗೊತ್ತಾಗಲಿಲ್ಲ' ಅನ್ನೋದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಅದೇ 2015ರಲ್ಲಿ ರಸ್ಟ್ ಭಾಷೆಯ ಮೊದಲ ಪೂರ್ಣ ಆವೃತ್ತಿ ಬಂತು. ರಸ್ಟ್ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಎರರ್ ಮೆಸೇಜಿನ ಮಾತು ಲೈಬ್ರರಿಯ ಕೋಡಿನ ಪಕ್ಕದಲ್ಲೇ ಬರೆದಿರುತ್ತೆ. ಯಾರು ಯಾವ ತಪ್ಪು ಮಾಡಬಹುದು ಅಂತ ಮೊದಲೇ ಯೋಚಿಸಿ ಬರೆದಿಟ್ಟದ್ದು. ಪೂರ್ಣಾಂಕಕ್ಕೆ ದಶಮಾಂಶ ಕೂಡಿಸೋಕೆ ಹೋದ್ರೆ 'ಪೂರ್ಣಾಂಕಕ್ಕೆ ದಶಮಾಂಶ ಕೂಡಿಸೋಕಾಗಲ್ಲ' ಅಂತಲೇ ಹೇಳುತ್ತೆ. ಲೂಪಿಗೆ ಬರೀ ಒಂದು ಸಂಖ್ಯೆ ಕೊಟ್ಟರೆ 'ಇದರ ಮೇಲೆ ಸುತ್ತೋಕೆ ಬರಲ್ಲ' ಅಂದು ಸುಮ್ಮನಾಗಲ್ಲ. 'ಇಷ್ಟರಿಂದ ಇಷ್ಟರವರೆಗೆ ಅಂತ ಬೇಕಿದ್ರೆ ನಡುವೆ ಎರಡು ಚುಕ್ಕಿ ಹಾಕಿ' ಅಂತ ದಾರಿ ತೋರಿಸುತ್ತೆ. ಮೊದಲ ವಾರದಲ್ಲಿ ಕಲಿಯೋರು ಮಾಡೋ ತಪ್ಪು ಇದು. ಯಾರೋ ಪುಣ್ಯಾತ್ಮರು ಆ ಕಲಿಯೋರನ್ನ ಮನಸ್ಸಲ್ಲಿಟ್ಟುಕೊಂಡು ಕೂತು ಬರೆದಿದ್ದಾರೆ.

ಈ ಸೌಲಭ್ಯ ಮೊದಲು ಭಾಷೆಯವರ ಕೈಯಲ್ಲಿ ಮಾತ್ರ ಇತ್ತು. 2024ರ ಮೇ ತಿಂಗಳ ರಸ್ಟ್ 1.78ರಿಂದ ಅಂಥದ್ದೇ ಒಂದು ಸೌಲಭ್ಯ ಯಾವ ಲೈಬ್ರರಿ ಬರೆಯೋರಿಗಾದ್ರೂ ಸಿಗುತ್ತೆ. ಸಿ++ ಕಡೆಯೂ ಅಷ್ಟೇ. ಒಂದು ಫಂಕ್ಷನ್ ಬಳಸಬೇಡಿ ಅಂತ ತೆಗೆದುಹಾಕುವಾಗ ಕಾರಣವನ್ನೂ ಪಕ್ಕದಲ್ಲೇ ಬರೆಯೋಕೆ ಅವಕಾಶ ಕೊಡೋ ಪ್ರಸ್ತಾವವನ್ನ ಸಮಿತಿ 2024ರಲ್ಲಿ ಒಪ್ಪಿತು. 'ಪ್ರವೇಶವಿಲ್ಲ' ಅನ್ನೋ ಬೋರ್ಡಿನ ಕೆಳಗೆ 'ರಿಪೇರಿ ನಡೀತಿದೆ, ಹಿಂದಿನ ಗೇಟಿಂದ ಬನ್ನಿ' ಅಂತ ಸೇರಿಸಿದ ಹಾಗೆ.

ಭಾಗ 8/8: ಕೊನೆಯ ಫೋಟೋ

ಇಷ್ಟು ಓದಿದ್ದಕ್ಕೆ ಥ್ಯಾಂಕ್ಸ್. ನಾವು ಬಿಕಾಂನವರಿಗೆ ಇದರಿಂದ ಏನು ಅಂತ ಕೇಳಬಹುದು.

ಎಕ್ಸೆಲ್ ತೆರೆದು ಡೇಟಾ ವ್ಯಾಲಿಡೇಷನ್‌ಗೆ ಹೋಗಿ. ಅಲ್ಲಿ ಎರರ್ ಅಲರ್ಟ್ ಅಂತ ಒಂದು ಟ್ಯಾಬ್ ಇದೆ. ಬಹಳ ಜನ ಅದನ್ನ ಮುಟ್ಟೋದೇ ಇಲ್ಲ. ಮುಟ್ಟದೇ ಇದ್ರೆ, ತಪ್ಪು ಟೈಪ್ ಮಾಡಿದವರಿಗೆ 'ಈ ಮೌಲ್ಯ ಈ ಸೆಲ್ಲಿನ ನಿರ್ಬಂಧಕ್ಕೆ ಹೊಂದಲ್ಲ' ಅನ್ನೋ ಅರ್ಥದ ಮಾಮೂಲಿ ಮಾತು ಬರುತ್ತೆ. ಯಾವ ನಿರ್ಬಂಧ? ಏನು ಹಾಕಬೇಕಿತ್ತು? ಅಲ್ಲಿ ನೀವೇ ಒಂದು ಸಾಲು ಬರೆಯಬಹುದು: 'ಇನ್‌ವಾಯ್ಸ್ ದಿನಾಂಕ ಈ ಆರ್ಥಿಕ ವರ್ಷದ್ದೇ ಆಗಿರಬೇಕು, ಏಪ್ರಿಲ್ 1ರಿಂದ ಮಾರ್ಚ್ 31.' ನಾಳೆ ನೀವು ಮಾಡಿದ ಶೀಟ್ ಬಳಸೋ ಗುಮಾಸ್ತರನ್ನ ನೀವು ನೋಡೇ ಇರಲ್ಲ. ಸಂಜೆ ಆರು ಗಂಟೆಗೆ, ಬಸ್ಸಿಗೆ ಹೊತ್ತಾದಾಗ, ಅವರ ಎದುರಿಗೆ ನಿಮ್ಮ ಬದಲು ನಿಲ್ಲೋದು ಆ ಒಂದು ಸಾಲು ಮಾತ್ರ.

ಲೈಬ್ರರಿ ಬರೆಯೋರ ಕೆಲಸವೂ ಇಷ್ಟೇ ಅನ್ಸುತ್ತೆ ನನಗೆ. ಎಂದೂ ನೋಡದ ಒಬ್ಬರು, ಮುಂದೆ ಯಾವತ್ತೋ ತಪ್ಪಿದಾಗ ಓದಬೇಕಾದ ವಾಕ್ಯವನ್ನ ಇವತ್ತೇ ಬರೆದಿಡೋದು.

ಕೊನೆಯ ಫೋಟೋ ನೋಡಿ. ಹೋದ ವಾರ ನಾನು ಸಿ++ನಲ್ಲಿ ಹತ್ತು ಸಾಲಿನ ಒಂದು ಪುಟ್ಟ ಫಂಕ್ಷನ್ ಬರೆದೆ. ಸಾರ್ಟ್‌ಗೆ ಹೊಂದದ ಪಟ್ಟಿ ಕೊಟ್ಟರೆ ಬಾಗಿಲಲ್ಲೇ ನಿಲ್ಲಿಸುತ್ತೆ. ಸ್ಟ್ಯಾಟಿಕ್ ಅಸರ್ಟಿನ ವಾಕ್ಯವನ್ನ ಕನ್ನಡದಲ್ಲೇ ಬರೆದೆ: 'ಈ ಥರದ ಪಟ್ಟಿಯನ್ನು ಹೀಗೆ ಜೋಡಿಸಲು ಆಗುವುದಿಲ್ಲ. ಲಿಸ್ಟ್ ಆಗಿದ್ದರೆ ಅದರದೇ ಸಾರ್ಟ್ ಬಳಸಿ.' ಕಂಪೈಲ್ ಒತ್ತಿದೆ. ಕಪ್ಪು ಪರದೆ ಮೇಲೆ ಕನ್ನಡ ಬಂತು. ಸುತ್ತ ಇನ್ನೂ ಒಂದಿಷ್ಟು ಇಂಗ್ಲಿಷ್ ಇತ್ತು, ಇರಲಿ.

ಅದರ ಸ್ಕ್ರೀನ್‌ಶಾಟ್‌ನ ಪಿಯುಸಿ ಗೆಳತಿಗೆ ಕಳಿಸಿದೆ, ಆ ಬ್ರಾಕೆಟ್ ಕಥೆಯನ್ನೂ ಸೇರಿಸಿ. ಅವಳು ಕೇಳಿದ್ದು ಒಂದೇ: "ಹಂಗಾದ್ರೆ ಅವತ್ತು ತಪ್ಪು ನಂದಲ್ವಾ?"

ನಾನು ಬರೆದೆ: "ನಿಂದೇ ಕಣೇ. ಆದ್ರೆ ಒಂದು ಬ್ರಾಕೆಟ್‌ನಷ್ಟು. ಮಿಕ್ಕ ಹದಿನಾರು ನಿಂದಲ್ಲ. ಅವತ್ತು ನಕ್ಕಿದ್ದು ನನ್ನ ತಪ್ಪು."

ಸ್ವಲ್ಪ ಹೊತ್ತಾದ ಮೇಲೆ ಅವಳಿಂದ ಒಂದು ಫೋಟೋ ಬಂತು. ಅವಳ ಹಳೇ ಲ್ಯಾಬ್ ರೆಕಾರ್ಡ್, ಬಡ್ಡಿ ಲೆಕ್ಕದ ಪುಟ. ಬಿಟ್ಟಿದ್ದ ಜಾಗದಲ್ಲಿ ಪೆನ್ಸಿಲಲ್ಲಿ ಒಂದು ಬ್ರಾಕೆಟ್ ಹಾಕಿದ್ದಳು.

ನಿಮಗೂ ಹೀಗೆ ಒಂದು ಎರರ್ ಮೆಸೇಜ್ ಏನನ್ನಾದ್ರೂ ಬಿಡಿಸಿದ್ಯಾ? ಕಾಮೆಂಟಲ್ಲಿ ಬರೀರಿ. ಮೆಸೇಜ್ ಏನಿತ್ತು, ನಿಜವಾದ ತಪ್ಪು ಏನಿತ್ತು, ಎರಡನ್ನೂ ಹೇಳಿ.

#ಎರರ್_ಮೆಸೇಜಿನ_ಕಥೆ #ಕನ್ನಡದಲ್ಲಿ_ಕಂಪ್ಯೂಟರ್ #ಬಿಕಾಂ_ಡೈರಿ